ಆರು ಫೀಡರಿನ ಆಪರೇಟರ್

“ಸರ, ಶಕ್ತಿ ಸಾಲೂದಿಲ್ಲ ಅಂತ ಗೊತ್ತಾದ ಮ್ಯಾಲೂ ಮುಂದ ಓದಬೇಕೇನ್ರಿ?”

ಕೇಳಿದವಳು ನೀಲಗಂಗಾ. ಕೇಳಿಸಿಕೊಂಡವರು ಮುದಕವಿ ಮೇಷ್ಟ್ರು. ಇಬ್ಬರ ನಡುವೆ ಮೇಜಿನ ಮೇಲೆ ಒಂದು ಅರ್ಜಿ ಇತ್ತು. ವಿದ್ಯುತ್ ಶಕ್ತಿ ವಿಭಾಗದ ಎಂ.ಟೆಕ್. ಮೊದಲ ವರ್ಷದಿಂದ ತನ್ನನ್ನು ಬಿಡುಗಡೆ ಮಾಡಬೇಕೆಂದು ಅವಳೇ ಬರೆದದ್ದು. ಕಾರಣ ಬರೆಯುವ ಜಾಗದಲ್ಲಿ ‘ನನ್ನ ಸಾಮರ್ಥ್ಯ ಸಾಲದು’ ಎಂದಿತ್ತು. ಅದರ ಕೆಳಗೆ ಮೇಷ್ಟ್ರ ಸಹಿ ಬಿದ್ದರೆ ಎಲ್ಲ ಮುಗಿದ ಹಾಗೆ. ಇಲಾಖೆಯವರು ಓದಿಗೆಂದು ರಜೆ ಕೊಡುವುದು ನೌಕರಿಯಲ್ಲಿ ಒಂದೇ ಸಲ. ಇದು ಕೈಬಿಟ್ಟರೆ ಈ ಜನ್ಮಕ್ಕೆ ಅವಳಿಗೆ ಎಂ.ಟೆಕ್. ಇಲ್ಲ.

ನೀಲಗಂಗಾ ಹನ್ನೊಂದು ವರ್ಷ ಸಬ್‌ಸ್ಟೇಷನ್ನಿನಲ್ಲಿ ದುಡಿದವಳು. ಲೈನಿನಲ್ಲಿ ಏನಾದರೂ ಹೆಚ್ಚುಕಡಿಮೆಯಾಗಿ ಬ್ರೇಕರ್, ಅಂದರೆ ಹೊರೆ ಮೀರಿದಾಗ ತಾನಾಗಿ ಕರೆಂಟ್ ಕಡಿಯುವ ಸ್ವಿಚ್ಚು, ಬಿದ್ದರೆ ಎತ್ತುವುದು ಅವಳಿಗೆ ಗೊತ್ತಿತ್ತು. ಯಾಕೆ ಬಿತ್ತು ಎಂದು ಯಾರಾದರೂ ಆಳಕ್ಕಿಳಿದು ಕೇಳಿದರೆ ಮಾತ್ರ ತಡವರಿಸುತ್ತಿದ್ದಳು. ಆ ತಡವರಿಕೆ ಅವಳಿಗೆ ಸಹಿಸಲಾಗದಾಯಿತು. ಮಗಳನ್ನು ತಾಯಿಯ ಬಳಿ ಬಿಟ್ಟು, ಮೂವತ್ತೈದರ ವಯಸ್ಸಿನಲ್ಲಿ, ಇಪ್ಪತ್ತೆರಡರ ಹುಡುಗರ ಪಕ್ಕದ ಬೆಂಚಿನಲ್ಲಿ ಬಂದು ಕೂತಳು. ಮೊದಲ ಸೆಮಿಸ್ಟರಿನಲ್ಲಿ ಐದು ವಿಷಯ. ನಾಲ್ಕರಲ್ಲಿ ಫೇಲು.

ಅಳುವ ಪೈಕಿ ಅಲ್ಲ ಅವಳು. ಹಿಡಿಯುವುದನ್ನೂ ಹಟದಿಂದ ಹಿಡಿಯುತ್ತಿದ್ದಳು, ಬಿಡುವುದನ್ನೂ ಹಟದಿಂದಲೇ ಬಿಡುತ್ತಿದ್ದಳು. ಫಲಿತಾಂಶ ಬಂದ ಮರುದಿನವೇ ಅರ್ಜಿ ಬರೆದು ತಂದಿದ್ದಳು.

“ದುಡೀಲಿಲ್ಲ ಅಂತ ಮಾತ್ರ ಅನಬ್ಯಾಡ್ರಿ ಸರ,” ಎಂದಳು. “ಸೇರಿದ ಮೊದಲನೇ ದಿನದಿಂದ ದಿನಾ ಐದೂ ವಿಷಯ ಓದೀನಿ. ಹನ್ನೊಂದು ವರ್ಷ ಮರೆತ ಗಣಿತಾನೂ ಜೊತೀಗಿ ತಗದೀನಿ. ಆ ಹುಡುಗ್ರಗಿಂತ ಹೆಚ್ಚಿಗೆ ಕುಂತೀನಿ. ಆದರೂ ತಲೀ ತಡಕೊಳ್ಳಲಿಲ್ಲ.”

ಮುದಕವಿ ಮೇಷ್ಟ್ರದು ಒಂದು ವಿಚಿತ್ರ ಗುಣ. ಉತ್ತರ ಕೇಳಿದರೆ ಕತೆ ಹೇಳುತ್ತಿದ್ದರು. ಕತೆ ಕೇಳಿದರೆ ಟೆಸ್ಟ್ ಇಡುತ್ತಿದ್ದರು. ಅವರು ಅರ್ಜಿಯನ್ನು ಒಮ್ಮೆ ಪೂರ್ತಿ ಓದಿದರು. ಪೆನ್ನು ತೆಗೆಯಲಿಲ್ಲ. ಕನ್ನಡಕ ತೆಗೆದರು. ಆಮೇಲೆ ಹೇಳಿದ ಕತೆ ಇದು.

ಒಂದು ಊರ ಹೊರಗೆ ಒಂದು ಸಬ್‌ಸ್ಟೇಷನ್. ಅಲ್ಲಿ ಒಂದೇ ಟ್ರಾನ್ಸ್‌ಫಾರ್ಮರ್. ಅದರಿಂದ ಆರು ಲೈನುಗಳು, ಅಂದರೆ ಆರು ಫೀಡರುಗಳು, ಆರು ಕಡೆಯ ಊರುಗಳಿಗೆ ಹೋಗುತ್ತಿದ್ದವು. ಅದನ್ನು ನೋಡಿಕೊಳ್ಳಲು ಒಬ್ಬ ಆಪರೇಟರ್. ಬಹಳ ಒಳ್ಳೆಯವನು, ಶ್ರದ್ಧೆಯವನು. ಅವನ ಮೇಲೆ ಯಾರೂ ಬೆರಳು ತೋರಿಸುವಂತಿರಲಿಲ್ಲ.

ಆ ಕಡೆಯ ರೈತರಲ್ಲಿ ಒಂದು ರೂಢಿ ಬೆಳೆದಿತ್ತು. ಕರೆಂಟ್ ಬಂದಾಗಲೆಲ್ಲ ಪಂಪು ಚಾಲು ಮಾಡಲು ಹೊಲಕ್ಕೆ ಓಡುವವರು ಯಾರು? ಪಂಪಿಗೊಂದು ಆಟೋ ಸ್ಟಾರ್ಟರ್ ಡಬ್ಬಿ ಕೂಡಿಸಿದರೆ, ಕರೆಂಟ್ ಬಂದ ಕೂಡಲೇ ಅದು ತಾನಾಗಿ ಚಾಲೂ ಆಗುತ್ತದೆ. ಒಬ್ಬ ಕೂಡಿಸಿದ. ಅವನನ್ನು ನೋಡಿ ಪಕ್ಕದವನು. ವರ್ಷ ತುಂಬುವುದರೊಳಗೆ ಆರೂ ಫೀಡರಿನ ಎಲ್ಲ ಪಂಪುಗಳಿಗೂ ಡಬ್ಬಿ ಬಂದವು. ಪಂಪಿನ ಸ್ವಭಾವ ಏನೆಂದರೆ, ಚಾಲೂ ಆಗುವಾಗ ಅದು ಓಡುವಾಗಿನ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ವೇಗ ಹಿಡಿದ ಮೇಲೆ ಸಾಧುವಾಗುತ್ತದೆ.

ಒಮ್ಮೆ ಬಿರುಗಾಳಿಗೆ ಕಂಬಗಳು ಉರುಳಿ ಎರಡು ದಿನ ಕರೆಂಟ್ ಇರಲಿಲ್ಲ. ಮೂರನೆಯ ದಿನ ಹೊತ್ತೇರುವಾಗ ಸಬ್‌ಸ್ಟೇಷನ್ನಿನವರೆಗೆ ಕರೆಂಟ್ ಬಂತು. ಆಪರೇಟರನ ಫೋನು ಬೆಳಗಿನಿಂದ ಬಾಯಿ ಮುಚ್ಚಿರಲಿಲ್ಲ. ಎಲ್ಲ ಊರಿನವರೂ ತಮಗೇ ಮೊದಲು ಬೇಕೆನ್ನುತ್ತಿದ್ದರು. ಅವನು ಆರೂ ಫೀಡರುಗಳ ಸ್ವಿಚ್ಚು ಹಾಕಿಟ್ಟು ಮುಖ್ಯ ಬ್ರೇಕರ್ ಎತ್ತಿದ. ನೂರಾರು ಪಂಪುಗಳು ಒಂದೇ ಉಸಿರಿಗೆ ಎದ್ದವು. ಬ್ರೇಕರ್ ಬಿತ್ತು.

ಅವನು ಮತ್ತೆ ಎತ್ತಿದ. ಮತ್ತೆ ಬಿತ್ತು.

ಅಲ್ಲೊಬ್ಬ ಲೈನ್‌ಮನ್ ಇದ್ದ. “ಸಾಹೇಬ್ರ, ಎಲ್ಲಾ ತಗೀರಿ. ಒಂದೊಂದ ಹಾಕ್ರಿ,” ಎಂದ.

“ಎರಡು ದಿನ ಎಲ್ಲಾರೂ ಕತ್ತಲಾಗ ಕುಂತಾರ. ಇದರಾಗ ಯಾರನ್ನ ಹಿಂದ ಬಿಡ್ಲೋ?” ಎಂದ ಆಪರೇಟರ್.

ಆಪರೇಟರ್ ಹಲ್ಲು ಕಚ್ಚಿ ಮೂರನೆಯ ಸಲ ಎತ್ತಿದ.

ಇಲ್ಲಿಗೆ ಬರುವಷ್ಟರಲ್ಲಿ ನೀಲಗಂಗಾ ಕುರ್ಚಿಯ ತುದಿಗೆ ಬಂದಿದ್ದಳು. ತಾನು ಬಂದ ಕೆಲಸ ಅವಳಿಗೆ ಮರೆತೇ ಹೋಗಿತ್ತು. ಸಬ್‌ಸ್ಟೇಷನ್ನಿನಲ್ಲಿ ಕೆಲಸ ಮಾಡಿದವರಿಗೆ ಇಂಥ ಕತೆ ಕೇಳುವುದೆಂದರೆ, ಅಡುಗೆ ಬಲ್ಲವರು ಇನ್ನೊಬ್ಬರು ಸೀಯಿಸುವುದನ್ನು ನೋಡುತ್ತ ಕೂತ ಹಾಗೆ. ಕೈ ಸುಮ್ಮನಿರುವುದಿಲ್ಲ. ಅವಳ ಕೈಗಳೂ ಮೇಜಿನ ಅಂಚಿನಲ್ಲಿ ಇಲ್ಲದ ಸ್ವಿಚ್ಚುಗಳನ್ನು ಒಂದೊಂದಾಗಿ ತೆಗೆಯುತ್ತಿದ್ದವು. ಮೇಷ್ಟ್ರು ಅದನ್ನು ನೋಡಿಯೂ ನೋಡದವರಂತೆ ಮುಂದುವರಿಸಿದರು.

ಮೂರನೆಯ ಸಲವೂ ಬಿತ್ತು. ಆಪರೇಟರಿಗೆ ಬೇಸರಕ್ಕಿಂತ ದುಃಖವೇ ಹೆಚ್ಚಾಯಿತು. ತಾನು ಇಷ್ಟು ಮೈಮುರಿದು ದುಡಿದರೂ ಆಗುತ್ತಿಲ್ಲವೆಂದರೆ ತಪ್ಪು ಬೇರೆಲ್ಲೋ ಇರಬೇಕು. ಅವನು ಪ್ರಾಮಾಣಿಕ. ಕೂತು ಮೇಲಿನವರಿಗೆ ಕಾಗದ ಬರೆದ: ‘ಈ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಸಾಲದು. ದಯಮಾಡಿ ಒಯ್ಯಬೇಕು.’

ಮೇಲಿನವರು ಕಾಗದ ನೋಡಿ ಕೆಲಸ ಮಾಡುವವರು. ಲಾರಿ ಬಂತು, ಕ್ರೇನ್ ಬಂತು. ಹಳೆಯದನ್ನು ಕಳಚಿ ಒಯ್ದರು. ಅದಕ್ಕಿಂತ ದೊಡ್ಡದನ್ನು ತಂದು ಕೂಡಿಸಿದರು. ಕೂಡಿಸುವುದಕ್ಕೆ ಒಂದು ವಾರ ಹಿಡಿಯಿತು. ವಾರದಿಂದ ಕಾದಿದ್ದ ಊರುಗಳಿಗೆಲ್ಲ ಒಟ್ಟಿಗೇ ಸಿಗಲಿ ಎಂದು ಆಪರೇಟರ್ ಆರೂ ಫೀಡರು ಹಾಕಿ ಮುಖ್ಯ ಬ್ರೇಕರ್ ಎತ್ತಿದ. ಬಿತ್ತು. ಅವನು ಇನ್ನೊಂದು ಕಾಗದ ಬರೆಯಲು ಕೂತ.

ಇತ್ತ ಹಳೆಯ ಟ್ರಾನ್ಸ್‌ಫಾರ್ಮರ್ ಬೇರೊಂದು ಊರಿಗೆ ಹೋಯಿತು. ಅಲ್ಲಿ ಎಂಟು ಫೀಡರು. ಅಲ್ಲಿಯ ಪಂಪುಗಳಿಗೂ ಅವೇ ಡಬ್ಬಿಗಳು. ಅಲ್ಲಿಯ ಆಪರೇಟರಿಗೆ ಸೋಮಾರಿ ಎಂಬ ಹೆಸರಿತ್ತು. ಕರೆಂಟ್ ಹೋಗಿ ಬಂದಾಗ ಅವನು ಎಂಟನ್ನೂ ತೆಗೆದಿಟ್ಟು, ಮೊದಲು ಒಂದೇ ಒಂದನ್ನು ಹಾಕುತ್ತಿದ್ದ. ಚಹಾ ಕುಡಿಯುತ್ತಿದ್ದ. ಮೀಟರಿನ ಮುಳ್ಳು ಮೇಲೇರಿ, ನಡುಗಿ, ಕೆಳಗಿಳಿದು ನಿಲ್ಲುವುದನ್ನು ನೋಡುತ್ತಿದ್ದ. ಆಮೇಲೆ ಎರಡನೆಯದು. ಎಂಟನೆಯ ಊರಿನವರು ಅಷ್ಟರಲ್ಲಿ ಅವನ ಮನೆತನವನ್ನೆಲ್ಲ ಬೈದು ಮುಗಿಸಿರುತ್ತಿದ್ದರು. ಅವನು ಬೈಸಿಕೊಳ್ಳುತ್ತಿದ್ದ, ಮುಳ್ಳಿನಿಂದ ಕಣ್ಣು ಮಾತ್ರ ಕೀಳುತ್ತಿರಲಿಲ್ಲ. ಊಟದ ಹೊತ್ತಿಗೆ ಎಂಟೂ ಊರುಗಳಲ್ಲಿ ಪಂಪುಗಳು ಓಡುತ್ತಿದ್ದವು. ಆ ಟ್ರಾನ್ಸ್‌ಫಾರ್ಮರ್ ಹದಿನಾಲ್ಕು ವರ್ಷದಿಂದ ಅಲ್ಲೇ ಇದೆ. ಈಗಲೂ ಹೊರುತ್ತಿದೆ.

ಮೇಷ್ಟ್ರು ಕತೆ ನಿಲ್ಲಿಸಿ ಕನ್ನಡಕ ಹಾಕಿಕೊಂಡರು.

ನೀಲಗಂಗಾಳಿಗೆ ಸಿಟ್ಟು ನೆತ್ತಿಗೇರಿತ್ತು. ಸುಳ್ಳೋ ನಿಜವೋ, ಆ ಮೊದಲಿನ ಆಪರೇಟರ್ ಎದುರಿಗೆ ಸಿಕ್ಕಿದ್ದರೆ ಅವನನ್ನು ತರಾಟೆಗೆ ತೆಗೆದುಕೊಳ್ಳದೆ ಬಿಡುತ್ತಿರಲಿಲ್ಲ. ನಿರ್ದೋಷಿಯನ್ನು ಊರು ಬಿಡಿಸಿದ್ದನ್ನು ಕಂಡ ಹಾಗೆ ಅವಳಿಗೆ ಅನಿಸಿತು.

“ಅವಂಗ ಆಪರೇಟರ್ ಕೆಲಸಾ ಕೊಟ್ಟವರ್ಯಾರ್ರಿ ಸರ?” ಎಂದಳು. “ಒಂದೊಂದ ಹಾಕೂದು ನಮ್ಮಲ್ಲಿ ಮೊದಲನೇ ವಾರದಾಗ ಕಲಸ್ತಾರ. ಟ್ರಾನ್ಸ್‌ಫಾರ್ಮರ್ ಗಟ್ಟಿನ ಇತ್ತಲ್ರಿ! ಬ್ರೇಕರ್ ಬಿದ್ದಿದ್ದಕ್ಕ ಸುಡದ ಉಳೀತು ಅದು. ಪಾಪ, ಅದರದೇನ್ರಿ ತಪ್ಪು? ಬ್ರೇಕರ್ ಮೂರು ಮೂರು ಸಲ ಬಿದ್ದು ಹೇಳಿದರೂ ತಿಳೀಲಿಲ್ಲ ಅಂದರ, ಅಂವನ್ನ ಅವತ್ತ ಆ ಕುರ್ಚಿಯಿಂದ ಎಬ್ಬಿಸಬೇಕಿತ್ತು!”

ಮೇಷ್ಟ್ರು ಅವಳ ಸಿಟ್ಟು ಪೂರ್ತಿ ಹೊರಗೆ ಬರುವವರೆಗೂ ತಾಳ್ಮೆಯಿಂದ ಕೇಳಿದರು. ಅವಳು ಹೇಳಿದ್ದರಲ್ಲಿ ಒಂದು ಮಾತೂ ತಪ್ಪಿಲ್ಲವೆಂಬಂತೆ ತಲೆ ಆಡಿಸಿದರು. ಆಮೇಲೆ ಅವಳ ಅರ್ಜಿಯ ‘ಸಾಮರ್ಥ್ಯ ಸಾಲದು’ ಎಂಬ ಮಾತಿನ ಮೇಲೆ ಬೆರಳಿಟ್ಟು ಕೇಳಿದರು:

“ಮತ್ತ ನೀ ಅಂವನ್ನ ಕುರ್ಚಿ ಮ್ಯಾಲ ಹಂಗ ಕುಂದರಿಸಿ, ಟ್ರಾನ್ಸ್‌ಫಾರ್ಮರ್ ಯಾಕ ಕಳಸಾಕತ್ತಿಯವ್ವಾ?”