ನೆರಳು ಹುಡುಕಿದ ವ್ಯಾಪಾರಿ

“ಅಜ್ಜಾರ, ನಮ್ಮೂರಾಗ ಯಾರ ಹತ್ತಿರನೂ ಇಲ್ಲದಂಥ ಕಾರು ತಂದೀನಿ. ಮನಿಯವ್ರು ಒಬ್ಬರೂ ಅದರಾಗ ನನ್ನ ಜೋಡಿ ಬರವಲ್ಲರು. ಯಾಕಂತ ಹೇಳ್ರಿ?”

ಹೀಗೆ ಕೇಳಿದವನು ಟೈಲ್ಸ್ ಅಂಗಡಿಯ ಚನ್ನವೀರಪ್ಪ. ಕೇಳಿದ್ದು ತನ್ನ ಗುರುಗಳನ್ನು. ಪ್ರತಿ ಸೋಮವಾರ ಮಠಕ್ಕೆ ಬಂದು ಗುರುಗಳ ಎದುರಿಗೆ ಚಾಪೆಯ ಮೇಲೆ ಕೂರುವುದು ಅವನ ರೂಢಿ. ಅಂದು ಚಾಪೆಯನ್ನು ಕಿಟಕಿಯ ಬಳಿಗೆ ಎಳೆದುಕೊಂಡು ಕೂತಿದ್ದ. ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಂಗಳದಲ್ಲಿ ಅವನ ಕಪ್ಪು ಕಾರು ನಿಂತಿತ್ತು.

ಗುರುಗಳು ಏನಾಯಿತೆಂದು ವಿಚಾರಿಸಿದರು. ಚನ್ನವೀರಪ್ಪ ಹೇಳಿಕೊಂಡ. ಅವನ ಮಗಳಿಗೆ ಧಾರವಾಡದಲ್ಲಿ ಕಾಲೇಜು ಸಿಕ್ಕಿತ್ತು. ಹಾಸ್ಟೆಲಿಗೆ ತಾನೇ ಬಿಟ್ಟು ಬರುವೆನೆಂದು ಅವನು ಕಾರು ತೊಳೆಸಿ ಕಾದಿದ್ದ. ಮಗಳು ಬೇಡವೆಂದಳು. ಟ್ರಂಕನ್ನು ಬಸ್ಸಿನ ಮೇಲೆ ಹಾಕಿಸಿ, ತಾಯಿಯ ಜೊತೆ ಬಸ್ಸಿನಲ್ಲೇ ಹೊರಟುಹೋದಳು. ಇದನ್ನು ಹೇಳುವಾಗ ಚನ್ನವೀರಪ್ಪನ ದನಿ ಸಣ್ಣದಾಯಿತು. ಆದರೂ ಕಣ್ಣು ಅಂಗಳದ ಕಡೆಗೇ ಇತ್ತು.

ಗುರುಗಳು ಅವನ ಮುಖ ನೋಡಿದರು, ಅಂಗಳ ನೋಡಿದರು. ತಮಗೆ ಕಾರು ಓಡಿಸಲು ಬರುವುದಿಲ್ಲ, ತಪ್ಪು ಹೇಳಿದರೆ ತಿದ್ದಬೇಕು ಎಂದು ಹೇಳಿ, ಕತೆ ಶುರು ಮಾಡಿದರು.

ಒಂದೂರಿನಲ್ಲಿ ಒಬ್ಬ ಬೀಜದ ವ್ಯಾಪಾರಿ ಇದ್ದ. ಅವನ ಹೆಸರು ಬೇಡ. ಯಾವ ಹೆಸರಿಟ್ಟರೂ ಮಠಕ್ಕೆ ಬರುವ ಯಾರಾದರೊಬ್ಬರು ಮುನಿಸಿಕೊಳ್ಳುತ್ತಾರೆ. ಅವನಿಗೆ ಒಬ್ಬಳೇ ಮಗಳು. ಅವಳ ಹೆಸರು ದಾನೇಶ್ವರಿ.

ಅಷ್ಟರಲ್ಲಿ ಅಂಗಳಕ್ಕೆ ಒಂದು ಆಡು ಬಂತು. ಚನ್ನವೀರಪ್ಪ ಅರ್ಧ ಎದ್ದು ನಿಂತ. ಆಡು ಚಕ್ರವನ್ನು ಮೂಸಿ ನೋಡಿ, ರುಚಿಯಿಲ್ಲವೆಂದು ತಿಳಿದು ಹೊರಟುಹೋಯಿತು. ಚನ್ನವೀರಪ್ಪ ಕೂತು, ಮುಂದೆ ಹೇಳಿ ಎಂಬಂತೆ ಕೈ ಮುಗಿದ. ಗುರುಗಳು ಮುಂದುವರಿಸಿದರು.

ವ್ಯಾಪಾರಿಯ ಬಳಿ ಒಂದು ಹಳೆಯ ಜೀಪು ಇತ್ತು. ಅದರ ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿದ್ದರು. ಬೀಜದ ಚೀಲ, ನೆಂಟರು, ದಾರಿಯಲ್ಲಿ ಕೈ ಅಡ್ಡ ಹಾಕಿದವರು, ಎಲ್ಲರೂ ಅದರಲ್ಲೇ. ಎಲ್ಲೆಂದರಲ್ಲಿ ನಿಲ್ಲಿಸಿ ಹೋಗುತ್ತಿದ್ದ, ತಿರುಗಿ ನೋಡುತ್ತಿರಲಿಲ್ಲ. ಕದ್ದವನೇ ನಾಚಿಕೊಂಡು ತಂದು ಬಿಡುವಂಥ ಜೀಪು. ದಾನೇಶ್ವರಿ ಅಪ್ಪನ ಪಕ್ಕದಲ್ಲಿ ಕೂತು ಶೇಂಗಾ ಸುಲಿದು ತಿನ್ನುತ್ತಿದ್ದಳು, ಸಿಪ್ಪೆಯನ್ನು ಕಾಲ ಬಳಿಯೇ ಉದುರಿಸುತ್ತಿದ್ದಳು. ಆ ಸಿಪ್ಪೆಯ ನಡುವೆಯೇ ಅವಳು ಬೆಳೆದು ದೊಡ್ಡವಳಾದಳು.

ಅವಳಿಗೆ ಒಳ್ಳೆಯ ಮನೆತನದ ಸಂಬಂಧ ಬಂತು. ಹುಡುಗನ ತಂದೆ ತಾಯಿ ಬಂದು ಹುಡುಗಿಯನ್ನು ಮೆಚ್ಚಿ ಹೋದರು. ಹುಡುಗನ ಅಜ್ಜ ಮಾತ್ರ ಮಂಡಿನೋವೆಂದು ಊರಲ್ಲೇ ಉಳಿದಿದ್ದರು. ನಿಶ್ಚಯ ಹುಡುಗನ ಮನೆಯಲ್ಲಿ ಎಂದಾಯಿತು. ಆ ಕಡೆಯ ಪದ್ಧತಿಯಲ್ಲಿ, ತಾಂಬೂಲ ಬದಲಾದ ಮೇಲೆ ಇಬ್ಬರು ತಂದೆಯಂದಿರು ಒಬ್ಬರ ಬಾಯಿಗೆ ಒಬ್ಬರು ಸಕ್ಕರೆ ಹಾಕುತ್ತಾರೆ. ಆಗಲೇ ಮಾತು ಗಟ್ಟಿಯಾದಂತೆ. ಮಗಳನ್ನು ತೊಟ್ಟಿಲಿಗೆ ಹಾಕಿದ ದಿನವೇ ವ್ಯಾಪಾರಿ ಆ ಸಕ್ಕರೆಯನ್ನು ನೆನೆದಿದ್ದ. ಕೂಸಿನ ಮುಖ ನೋಡಿ, ನಿನ್ನ ಸಕ್ಕರೆ ತಿನ್ನುವ ತನಕ ನಾನು ಸಾಯುವುದಿಲ್ಲ ಎಂದಿದ್ದನಂತೆ.

ಇಂಥ ದಿನಕ್ಕೆ ಹಗ್ಗ ಕಟ್ಟಿದ ಜೀಪಿನಲ್ಲಿ ಹೋಗುವುದೇ? ವ್ಯಾಪಾರಿ ಪರದೇಶದ ದೊಡ್ಡ ಕಾರು ತಂದ. ಮಗಳಿಗಾಗಿಯೇ ತಂದ. ಇದನ್ನು ಮರೆಯಬೇಡ. ಕಾರು ಬಂದದ್ದು ಪ್ರೀತಿಯಿಂದಲೇ.

ಪೂಜೆಯಾಯಿತು, ಚಕ್ರದ ಕೆಳಗೆ ನಿಂಬೆಹಣ್ಣು ಒಡೆಯಿತು. ಅಲ್ಲಿಗೆ ಸಂತೋಷ ಮುಗಿಯಿತು, ಕಾವಲು ಶುರುವಾಯಿತು. ಸೀಟಿನ ಮೇಲಿನ ಪ್ಲಾಸ್ಟಿಕ್ಕನ್ನು ಅವನು ತೆಗೆಯಲು ಬಿಡಲಿಲ್ಲ. ಬೇಸಿಗೆಯಲ್ಲಿ ಕೂತವರ ಬೆನ್ನು ಅದಕ್ಕೆ ಅಂಟಿಕೊಳ್ಳುತ್ತಿತ್ತು. ಎದ್ದರೆ ಬಟ್ಟೆ ಹರಿದಂಥ ಸದ್ದು. ಹೆಂಡತಿ ಪ್ರತಿ ಸಲ ಇಳಿದು ಸೀರೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಚಪ್ಪಲಿ ಹೊರಗೇ ಕಳಚಿ, ಚೀಲದಲ್ಲಿ ಹಾಕಿ, ತೊಡೆಯ ಮೇಲೆ ಇಟ್ಟುಕೊಳ್ಳಬೇಕು. ತಲೆಗೆ ಎಣ್ಣೆ ಹಚ್ಚಿದವರು ಸೀಟಿಗೆ ಒರಗುವಂತಿಲ್ಲ. ಶೇಂಗಾದ ಹೆಸರೇ ಎತ್ತುವಂತಿಲ್ಲ.

ಬಾಗಿಲಿನದು ಇನ್ನೊಂದು ಫಜೀತಿ. ಜೋರಾಗಿ ಹಾಕಿದರೆ ವ್ಯಾಪಾರಿ ಎದೆ ಹಿಡಿದುಕೊಳ್ಳುತ್ತಿದ್ದ. ಮೆಲ್ಲಗೆ ಹಾಕಿದರೆ ಸರಿಯಾಗಿ ಬೀಳದೆ ಕಾರೇ ಕಿರುಚಿಕೊಳ್ಳುತ್ತಿತ್ತು. ಎಷ್ಟು ಜೋರು ಸರಿ ಎಂಬುದು ಅವನೊಬ್ಬನಿಗೇ ಗೊತ್ತು. ಹಾಗಾಗಿ ಎಲ್ಲ ಬಾಗಿಲನ್ನೂ ತಾನೇ ತೆರೆಯುತ್ತಿದ್ದ, ತಾನೇ ಹಾಕುತ್ತಿದ್ದ. ಸಾವಿರ ಮಂದಿ ರೈತರಿಗೆ ಬೀಜ ಕೊಡುವ ಸಾಹುಕಾರ ಬಾಗಿಲು ಹಿಡಿದು ನಿಲ್ಲುವುದು, ಮನೆಯವರು ಚಪ್ಪಲಿ ಚೀಲ ಹಿಡಿದು ಇಳಿಯುವುದು. ನೋಡಿದವರು ಏನೆಂದುಕೊಂಡರೋ, ಅದನ್ನು ಅವನು ಯೋಚಿಸಲಿಲ್ಲ.

ಆಮೇಲೆ ಇಲಿ. ಬೀಜದ ಗೋದಾಮಿನಲ್ಲಿ ಇಲಿ ಇರದೆ ಆನೆ ಇರುತ್ತದೆಯೇ? ಮೊದಲೆಲ್ಲ ಚೀಲ ತೂತಾದರೆ, ಅವೂ ಬದುಕಬೇಕಲ್ಲ ಎನ್ನುತ್ತಿದ್ದ. ಈಗ ಇಲಿ ಕಾರಿನ ವೈರು ಕಡಿಯುತ್ತದೆಂದು ಯಾರೋ ಹೇಳಿದರು. ಬಾನೆಟ್ಟಿನೊಳಗೆ ಹೊಗೆಸೊಪ್ಪು ತುಂಬಿದ. ಕಾರು ಶುರುವಾದರೆ ಒಳಗೆ ಕೂತವರಿಗೆ ಇಡೀ ಊರಿನ ಮುದುಕರು ಒಟ್ಟಿಗೆ ಬಾಯಿ ತೆರೆದಂಥ ವಾಸನೆ. ಇಲಿಗಳೇನೋ ಬರಲಿಲ್ಲ. ನೆಂಟರೂ ಬರಲಿಲ್ಲ.

ಎಲ್ಲಕ್ಕಿಂತ ಕಷ್ಟವಾದದ್ದು ಗಾಡಿಗಳ ವೇಗ ತಗ್ಗಿಸಲು ರಸ್ತೆಗೆ ಅಡ್ಡ ಹಾಕುವ ಹಂಪು. ಕಾರಿನ ಹೊಟ್ಟೆ ನೆಲಕ್ಕೆ ಹತ್ತಿರ. ನಮ್ಮ ಕಡೆ ಹಂಪುಗಳನ್ನು ಊರವರೇ ತಮಗೆ ತೋಚಿದ ಎತ್ತರಕ್ಕೆ ಹಾಕಿಕೊಂಡಿರುತ್ತಾರೆ. ಅದಕ್ಕೆ ವ್ಯಾಪಾರಿ ಒಂದು ಉಪಾಯ ಕಂಡುಕೊಂಡ. ಹಂಪು ಬಂದರೆ ಕಾರು ನಿಲ್ಲಿಸಿ, ಹಿಂದೆ ತಿರುಗಿ, ಇಳೀರಿ ಎನ್ನುತ್ತಿದ್ದ. ಎಲ್ಲರೂ ಚಪ್ಪಲಿ ಹಾಕಿಕೊಂಡು ಇಳಿದು ನಡೆಯಬೇಕು. ಭಾರ ಇಳಿದ ಕಾರು ಹಗುರಾಗಿ ಹಂಪು ದಾಟಬೇಕು. ಆಮೇಲೆ ಎಲ್ಲರೂ ಚಪ್ಪಲಿ ಬಿಚ್ಚಿ ಹತ್ತಬೇಕು. ಪಕ್ಕದೂರಿಗೆ ಹೋಗಿಬಂದರೆ ಪಾದಯಾತ್ರೆ ಮಾಡಿದಷ್ಟು ಪುಣ್ಯ.

ಚನ್ನವೀರಪ್ಪ ಇಲ್ಲಿ ನಗಲಿಲ್ಲ. ಹಂಪು ದಾಟಲು ಅದೇ ಸರಿಯಾದ ಉಪಾಯವೆಂಬಂತೆ ತಲೆಯಾಡಿಸಿದ. ಅವನ ಕಣ್ಣು ಕಾರಿನ ಮೇಲಿನ ತಂತಿಯಲ್ಲಿ ಕೂತ ಕಾಗೆಯ ಮೇಲಿತ್ತು. ಗುರುಗಳು ಮುಂದೆ ಹೇಳಿದರು.

ನಿಶ್ಚಯದ ದಿನ ಬಂತು. ವ್ಯಾಪಾರಿ, ಅವನ ಹೆಂಡತಿ, ಹೆಂಡತಿಯ ಅಣ್ಣ, ದಾನೇಶ್ವರಿ, ನಾಲ್ವರೂ ಕಾರಿನಲ್ಲಿ ಹೊರಟರು. ಹತ್ತಿ ಇಳಿದು, ಹತ್ತಿ ಇಳಿದು, ರೇಷ್ಮೆ ಸೀರೆಯ ಅಂಚೆಲ್ಲ ಧೂಳಾಗಿ ಹುಡುಗನ ಊರು ಸೇರಿದರು. ಮನೆ ಕಾಣುತ್ತಿತ್ತು, ಬಾಗಿಲಿನ ತೋರಣವೂ ಕಾಣುತ್ತಿತ್ತು. ಆದರೆ ಮನೆಯ ಮುಂದಿನ ರಸ್ತೆಯ ತುಂಬ ಜೋಳದ ತೆನೆ ಹರಡಿದ್ದರು. ಓಡಾಡುವ ಗಾಡಿಗಳೇ ತುಳಿದು ಕಾಳು ಉದುರಿಸಲಿ ಎಂದು ರೈತರು ಹಾಗೆ ಹರಡುವುದು ನಿನಗೆ ಗೊತ್ತಿದೆ. ಹಳೆಯ ಜೀಪಿನಲ್ಲಿ ವ್ಯಾಪಾರಿ ಎಷ್ಟೋ ಜನರ ರಾಶಿ ತುಳಿದುಕೊಟ್ಟವನೇ. ಈಗ ತೆನೆಯ ಒಣ ಗರಿ, ರವದಿ ಚಕ್ರಕ್ಕೆ ಸುತ್ತಿಕೊಂಡರೆ ಎಂದು ನಿಂತುಬಿಟ್ಟ. ನೀವು ನಡೆಯಿರಿ, ಗಾಡಿಯನ್ನು ನೆರಳಿಗೆ ಹಚ್ಚಿ ಈಗ ಬಂದೆ ಎಂದ. ಬಾಗಿಲು ತೆರೆದ, ಎಲ್ಲರನ್ನೂ ಇಳಿಸಿದ, ಬಾಗಿಲು ಹಾಕಿದ.

ಅಲ್ಲೊಂದು ಬೇವಿನ ಮರವಿತ್ತು. ಅದರ ಕೆಳಗೆ ನಿಲ್ಲಿಸಿದ. ಮರದ ಮೇಲೆ ಬೆಳ್ಳಕ್ಕಿಗಳಿದ್ದವು. ಅವು ಎರಡು ಗುರುತು ಹಾಕಿದವು. ಕರವಸ್ತ್ರದಿಂದ ಒರೆಸಿ, ಕಾರನ್ನು ಬಿಸಿಲಿಗೆ ತಂದ. ಬಿಸಿಲಿಗೆ ಬಣ್ಣ ಮಾಸುತ್ತದೆಂದು ಶೋರೂಮಿನವರು ಹೇಳಿದ್ದು ನೆನಪಾಯಿತು. ಒಂದು ಗೋಡೆಯ ನೆರಳಿಗೆ ಒಯ್ದ. ಅಲ್ಲಿ ಒಂದು ಎಮ್ಮೆ ಕಟ್ಟಿತ್ತು. ಅದಕ್ಕೆ ಕತ್ತು ತುರಿಸಲು ಏನಾದರೂ ಬೇಕಿತ್ತು. ಬಸ್ ನಿಲ್ಲುವ ಜಾಗಕ್ಕೆ ಒಯ್ದ. ಬಸ್ ಬಂತು. ತಿರುಗಿ ಗೋಡೆಯ ಬಳಿಗೇ ತಂದು, ಕಾರಿಗೂ ಎಮ್ಮೆಗೂ ನಡುವೆ ತಾನೇ ನಿಂತುಕೊಂಡ. ಎಮ್ಮೆ ಅವನಿಗೇ ಕತ್ತು ತುರಿಸಿಕೊಂಡಿತು.

ಒಳಗೆ ಎಲ್ಲರೂ ಸೇರಿದ್ದರು. ಶಾಸ್ತ್ರ ಮಾಡಿಸುವ ಅಯ್ಯನವರು ತಾಂಬೂಲದ ತಟ್ಟೆ ಸಿದ್ಧಮಾಡಿದ್ದರು. ಹುಡುಗನ ತಂದೆ ಬಾಗಿಲು ನೋಡುತ್ತ ಕೂತಿದ್ದರು. ವ್ಯಾಪಾರಿಯ ಹೆಂಡತಿ ಫೋನು ಮಾಡಿದಳು, ಬಂದೆ ಎಂದ. ಭಾವ ಮಾಡಿದ, ಬಂದೆ ಬಂದೆ ಎಂದ. ಕೊನೆಗೆ ಸೆರಗಿನ ಮರೆಯಲ್ಲಿ ದಾನೇಶ್ವರಿಯೇ ಮಾಡಿದಳು.

“ಅಪ್ಪಾ, ಎಲ್ಲಾರೂ ನಿನ್ನ ದಾರಿ ನೋಡಾಕತ್ತಾರ. ರಾಹುಕಾಲ ಬಂತಂತ ಅಯ್ಯನವ್ರು ಅವಸರ ಮಾಡಾಕತ್ತಾರ.”

“ಇಲ್ಲೊಂದು ಎಮ್ಮಿ ಐತಿ ನನ್ನವ್ವ. ಅದು ಮಲಕ್ಕೊಳ್ಳಲಿ, ಬಂದೇಬಿಟ್ಟೆ.”

ಎಮ್ಮೆಗೆ ಮಲಗುವ ಅವಸರವೇನೂ ಇರಲಿಲ್ಲ. ಅಯ್ಯನವರು ಹುಡುಗಿಯ ತಂದೆ ಎಲ್ಲಿ ಎಂದು ಕೇಳಿದರು. ಕಾರಿಗೆ ನೆರಳು ಹುಡುಕುತ್ತಿದ್ದಾರೆ ಎಂದು ಯಾವ ಹೆಂಗಸು ತುಂಬಿದ ಮನೆಯಲ್ಲಿ ಹೇಳುತ್ತಾಳೆ? ಇನ್ನೂ ಬಂದಿಲ್ಲ ಎಂದಳು ಅವನ ಹೆಂಡತಿ, ತಲೆ ತಗ್ಗಿಸಿ. ಹೊತ್ತು ಮೀರುತ್ತಿತ್ತು. ಸೋದರಮಾವನಾದರೂ ಕೂರಲಿ ಎಂದರು ಹಿರಿಯರು. ಭಾವ ಕೂತ. ತಾಂಬೂಲ ಬದಲಾಯಿತು. ಹುಡುಗನ ತಂದೆ ಭಾವನ ಬಾಯಿಗೆ ಸಕ್ಕರೆ ಹಾಕಿದರು.

ಹುಡುಗನ ಅಜ್ಜ ಮೊದಲಿನಿಂದಲೂ ಕಟ್ಟೆಯ ಮೇಲೆ ಕೂತು ರಸ್ತೆ ನೋಡುತ್ತಿದ್ದವರು. ದೊಡ್ಡ ಮನಸ್ಸಿನ ಮನುಷ್ಯ. ಶುಭಕಾರ್ಯದ ದಿನ ಯಾರೂ ಹೊರಗೆ ಉಳಿಯಬಾರದು ಎನ್ನುವವರು. ಮಂಡಿ ಹಿಡಿದುಕೊಂಡು ಎದ್ದರು. ಒಂದು ಮುಷ್ಟಿ ಸಕ್ಕರೆ ತೆಗೆದುಕೊಂಡು, ಜೋಳದ ತೆನೆ ತುಳಿಯುತ್ತ, ಗೋಡೆಯ ಬಳಿಗೆ ಬಂದರು.

“ಡ್ರೈವರಪ್ಪಾ, ನಿಮ್ಮ ಸಾಹುಕಾರ್ರ ಮಗಳದು ನಮ್ಮ ಮನೀಗೆ ಗಟ್ಟಿ ಆತು. ಹಿಡಿ, ನೀನೂ ಬಾಯಿ ಸಿಹಿ ಮಾಡ್ಕೋ. ಅವರಪ್ಪಗ ಬರಾಕ ಆಗಲಿಲ್ಲಂತ. ಪಾಪ, ಅಂಥಾದ್ದೇನು ಕೆಲಸ ಬಂತೋ.”

ವ್ಯಾಪಾರಿ ಕೈ ಚಾಚಿದ. ನಾನೇ ಅವಳಪ್ಪ ಎನ್ನಲು ಬಾಯಿ ಬರಲಿಲ್ಲ. ಹೇಳಿದರೆ, ಮತ್ತೆ ಇಲ್ಲೇಕೆ ನಿಂತೆ ಎಂದು ಅಜ್ಜ ಕೇಳುತ್ತಾರಲ್ಲ. ಅಜ್ಜ ಅವನ ಬೆನ್ನು ತಟ್ಟಿ, ಗಾಡಿ ಚೆನ್ನಾಗಿ ಇಟ್ಟಿದ್ದೀಯ ಎಂದು ಹೊಗಳಿ ಹೋದರು. ಅವನ ಕೈಯಲ್ಲಿ ಸಕ್ಕರೆ ಬೆವರಿಗೆ ಕರಗುತ್ತಿತ್ತು. ಆ ಕೈಯಿಂದ ಕಾರಿನ ಬಾಗಿಲು ಮುಟ್ಟುವಂತಿಲ್ಲ. ಬಾಯಿಗೆ ಹಾಕಿಕೊಳ್ಳಲು ಮನಸ್ಸಿಲ್ಲ. ಹಾಗೇ ನಿಂತಿದ್ದ.

ಊಟ ಮುಗಿಸಿ ಮನೆಯವರು ಹೊರಗೆ ಬಂದರು. ಅವನು ಅವಸರದಿಂದ ಇನ್ನೊಂದು ಕೈಯಲ್ಲಿ ಕಾರಿನ ಬಾಗಿಲು ತೆರೆದ. ದಾನೇಶ್ವರಿ ಅಪ್ಪನ ಅಂಟು ಕೈ ನೋಡಿದಳು, ತಾಯಿಯ ಕೈ ಹಿಡಿದುಕೊಂಡು ಬಾಡಿಗೆಯ ಟಂಟಂ ಆಟೋ ನಿಂತಿದ್ದ ಕಡೆಗೆ ನಡೆದಳು. ಭಾವನೂ ಅವರ ಹಿಂದೆ ಹೋದ. ಟಂಟಂ ಜೋಳದ ತೆನೆಯ ಮೇಲೆ ಹಾರಿಕೊಂಡು ಹೋಯಿತು.

ವ್ಯಾಪಾರಿ ಒಬ್ಬನೇ ಕಾರಿನಲ್ಲಿ ಹೊರಟ. ಊರ ಹೊರಗಿನ ಹಂಪು ಬಂತು. ರೂಢಿಯಂತೆ ನಿಲ್ಲಿಸಿ, ಹಿಂದೆ ತಿರುಗಿ, ಇಳೀರಿ ಎಂದ. ಇಳಿಯಲು ಯಾರೂ ಇರಲಿಲ್ಲ. ಅಲ್ಲಿ ಅವನಿಗೆ ಅಳು ಬಂತು. ಹಂಪಿನ ಈಚೆಗೆ ಕಾರು ನಿಲ್ಲಿಸಿಕೊಂಡು, ಸಣ್ಣ ಮಗುವಿನ ಹಾಗೆ ಅತ್ತ.

ಗುರುಗಳು ಕತೆ ನಿಲ್ಲಿಸಿದರು. ಅಂಗಳದ ಕಾಗೆ ತಂತಿ ಬಿಟ್ಟು ಹಾರಿಹೋಯಿತು. ಚನ್ನವೀರಪ್ಪ ದೊಡ್ಡದೊಂದು ಉಸಿರು ಬಿಟ್ಟ. ಕತೆ ಬಹಳ ಮನಸ್ಸಿಗೆ ತಟ್ಟಿತು ಎಂದ. ಒಂದು ಸಂಶಯ ಮಾತ್ರ ಉಳಿಯಿತು ಎಂದ. ಗುರುಗಳು ಕೇಳು ಎಂದರು.

“ಆ ಎಮ್ಮಿ ಕೋಡು ಕಾರಿಗೆ ತಾಕ್ತೋ ಇಲ್ಲೋ, ಅಜ್ಜಾರ?”

ಗುರುಗಳು ಎದ್ದು ಬಂದು ಕಿಟಕಿಯ ಕದ ಮುಚ್ಚಿದರು. ತಿರುಗಿ ತಮ್ಮ ಜಾಗದಲ್ಲಿ ಕೂತು, ಶಿಷ್ಯನ ಮುಖವನ್ನೇ ನೋಡುತ್ತ ಕೇಳಿದರು.

“ಆ ಹುಡುಗಿಯ ಹೆಸರು ನಾನು ಏನೆಂದು ಹೇಳಿದೆ, ಚನ್ನವೀರ?”

ಚನ್ನವೀರಪ್ಪ ಬಾಯಿ ತೆರೆದ. ಎಮ್ಮೆ ನೆನಪಿತ್ತು, ಹುಡುಗಿಯ ಹೆಸರು ಬರಲಿಲ್ಲ.