ಸರಿ ಎಂದವನ ಕಿವಿ

ಪಾಠಶಾಲೆಯಲ್ಲಿ ಹೊಸದಾಗಿ ಪಾಠ ಹೇಳುತ್ತಿದ್ದ ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ನಿನ್ನೆ ಒಬ್ಬ ವಿದ್ಯಾರ್ಥಿಯನ್ನು ಹೊರಗೆ ಕಳಿಸಿಬಿಟ್ಟೆ. ನಾನು ಹೇಳಿಕೊಟ್ಟದ್ದು ಒಂದು, ಅವನು ಸಭೆಯಲ್ಲಿ ಒಪ್ಪಿಸಿದ್ದು ಇನ್ನೊಂದು. ನಾನು ಸರಿಯಾಗಿ ಹೇಳಿಕೊಟ್ಟ ಮೇಲೆ ಅವನ ತಪ್ಪಿನಲ್ಲಿ ನನ್ನ ಪಾಲೇನಿದೆ?"

"ಹೇಳುವುದೇನು, ಗಿಳಿಯೂ ಹೇಳುತ್ತದೆ. ಕೂತುಕೋ" ಎಂದು ಗುರುಗಳು ಕತೆ ಶುರುಮಾಡಿದರು.

ಸೇನೆಯ ತರಬೇತಿ ವಿಮಾನ ನಿಲ್ದಾಣವೊಂದರ ಗೋಪುರದಲ್ಲಿ ಒಬ್ಬ ಅಧಿಕಾರಿಯಿದ್ದ. ಯಾವ ವಿಮಾನ ಏರಬೇಕು, ಯಾವುದು ಇಳಿಯಬೇಕು ಎಂದು ರೇಡಿಯೋದಲ್ಲಿ ಅಪ್ಪಣೆ ಕೊಡುವುದು ಅವನ ಕೆಲಸ. ಅಲ್ಲೊಂದು ಕಟ್ಟಳೆ. ಅಪ್ಪಣೆ ಪಡೆದ ಪೈಲಟ್ ಅದನ್ನು ಹಾಗೆಯೇ ತಿರುಗಿ ಹೇಳಬೇಕು. ಅಧಿಕಾರಿ ಅದನ್ನು ಕೇಳಿಸಿಕೊಂಡು 'ಸರಿ' ಎನ್ನಬೇಕು.

ಒಂದು ಬೆಳಿಗ್ಗೆ ಕಲಿಯುವವನೊಬ್ಬ ಮೊದಲ ಸಲ ಒಂಟಿಯಾಗಿ ಹಾರಲು ಹೊರಟ. ಇನ್ನೊಂದು ವಿಮಾನ ಇಳಿಯುತ್ತಿತ್ತು. ಅಧಿಕಾರಿ 'ರನ್‌ವೇ ಮುಂದೆ ನಿಲ್ಲು' ಎಂದ. ಅಂಚಿನ ಈಚೆಗೇ ಕಾಯಬೇಕೆಂದು ಅದರ ಅರ್ಥ. ಎಂಜಿನ್ ಸದ್ದಿನಲ್ಲಿ ಕಲಿಯುವವನಿಗೆ 'ರನ್‌ವೇ ಮೇಲೆ ನಿಲ್ಲು' ಎಂದು ಕೇಳಿಸಿತು. ಅವನು ತಿರುಗಿ ಹೇಳಿದ. ಅಧಿಕಾರಿ 'ಸರಿ' ಎಂದ. ಕಲಿಯುವವನು ನೇರವಾಗಿ ರನ್‌ವೇ ನಡುವೆ ಹೋಗಿ ನಿಂತ.

ಇಳಿಯುತ್ತಿದ್ದ ವಿಮಾನ ಕೊನೆಯ ಗಳಿಗೆಯಲ್ಲಿ ಮತ್ತೆ ಮೇಲೆದ್ದಿತು. ಅದರ ಚಕ್ರಗಳು ಇವನ ತಲೆಯಿಂದ ಒಂದಾಳೆತ್ತರದಲ್ಲಿ ಹಾದುಹೋದವು. 

ಮರುದಿನ ವಿಚಾರಣೆ. ಅಪ್ಪಣೆ ಮೀರಿದ್ದು ನಿಜವಾದರೆ ಕಲಿಯುವವನು ಮತ್ತೆಂದೂ ವಿಮಾನ ಹತ್ತುವಂತಿಲ್ಲ.

'ಸರ್, ಮೇಲೆ ಎಂದೇ ನಾನು ತಿರುಗಿ ಹೇಳಿದೆ. ನೀವು ಸರಿ ಎಂದಿರಿ' ಎಂದು ಅವನು ಅಂಗಲಾಚಿದ.

'ಶುದ್ಧ ಸುಳ್ಳು! ಮುಂದೆ ಎಂದೇ ಹೇಳಿದ. ಕಿವಿಯಾರೆ ಕೇಳಿದ್ದೇನೆ, ನನ್ನ ತಾಯಾಣೆ' ಎಂದ ಅಧಿಕಾರಿ. ಆಣೆ ಸುಳ್ಳಲ್ಲ. ಅವನಿಗೆ ಹಾಗೆಯೇ ಕೇಳಿಸಿತ್ತು.

ಗೋಪುರದ ಮಾತೆಲ್ಲ ಯಂತ್ರದಲ್ಲಿ ದಾಖಲಾಗುತ್ತದೆ. ಅದನ್ನು ಹಾಕಿದರು. ಕಲಿಯುವವನ ದನಿ ಸ್ಪಷ್ಟವಾಗಿ ಕೇಳಿಸಿತು: 'ರನ್‌ವೇ ಮೇಲೆ ನಿಲ್ಲುತ್ತೇನೆ.' ಅದರ ಬೆನ್ನಿಗೇ ಅಧಿಕಾರಿಯ ದನಿ: 'ಸರಿ.'

ಅಧಿಕಾರಿ ಬೆಚ್ಚಿಬಿದ್ದ. ಇನ್ನೊಮ್ಮೆ ಹಾಕಿಸಿದ. ಮತ್ತೂ ಒಮ್ಮೆ ಹಾಕಿಸಿದ. ಮೂರು ಸಲವೂ ಅದೇ 'ಮೇಲೆ', ಅದೇ 'ಸರಿ'. ಅವನು ತನ್ನ ಕಿವಿಗಳನ್ನು ಮುಟ್ಟಿ ನೋಡಿಕೊಂಡ. ಆವತ್ತು ಅವು ಕೇಳಿದ್ದು ಕಲಿಯುವವನ ಮಾತನ್ನಲ್ಲ, ತನ್ನದೇ ಮಾತನ್ನು ಎಂದು ಅವನಿಗೆ ಆಗ ತಿಳಿಯಿತು.

ಕತೆ ಮುಗಿಯಿತು. ಶಿಷ್ಯ, "ಅಬ್ಬಾ, ಎಂಥ ಕಿವುಡ ಅವನು!" ಎಂದ.

ಗುರುಗಳು ಕೇಳಿದರು: "ನಿನ್ನೆ ಹೊರಗೆ ಹೋಗುವಾಗ ಆ ವಿದ್ಯಾರ್ಥಿ ನಿನಗೆ ಏನು ಹೇಳಿದನಪ್ಪ?"

ಶಿಷ್ಯ ಬಾಯಿ ತೆರೆದ. ಒಂದು ಮಾತೂ ನೆನಪಾಗಲಿಲ್ಲ.