ಖಾಲಿ ಬಿದ್ದ ಹೆಸರಿಗೆ ಓ ಅಂದವಳು

ಕಾಲು ಆಡಿಸೋದು ನಿಲ್ಸು, ಹೇಳ್ತೀನಿ. ಒಂದಾನೊಂದು ಕಾಲ, ನಮ್ಮಜ್ಜಿಯ ಅಜ್ಜಿಗೇ ಇನ್ನೂ ಹಲ್ಲು ಹುಟ್ಟದೆ ಇದ್ದ ಕಾಲ. ಒಂದು ಕುಂಬಾರರ ಮನೇಲಿ ದೇವೀರಿ ಅಂತ ಹಿರಿಸೊಸೆ ಇದ್ಳಂತೆ. ಅವಳಿಗೆ ಮೂರು ಮಕ್ಕಳು, ಕರಿಯ, ಬೋರ, ಆಮೇಲೆ ಚಿಕ್ಕವಳು ಮುದ್ದಿ. ಮನೆ ತುಂಬ ಮೈದುನಂದಿರು, ಅವರೆಲ್ಲ ಅತ್ತಿಗೆ ಅತ್ತಿಗೆ ಅಂತಿದ್ರಲ್ಲ, ಅದನ್ನೇ ಕೇಳಿ ಕೇಳಿ ಮಕ್ಕಳೂ ಹೆತ್ತವಳನ್ನ ಅತ್ತಿಗೆ ಅನ್ನೋಕೆ ಕಲ್ತವಂತೆ. ಅತ್ತಿಗೇ ಬಾರೇ, ಅತ್ತಿಗೇ ಮುದ್ದೆ ಹಾಕೇ. ಅವಳೂ ಓ ಅಂತ ಓಡಿ ಬರೋಳು. ಯಾರಿಗೇನು ಕಷ್ಟ?

ಹೀಗಿರುವಾಗ ಪಟ್ಟಣದಿಂದ ಮಕ್ಕಳ ಸೋದರತ್ತೆ ಬಂದ್ಳಂತೆ, ಕೇಳಿದವಳೇ ಎದೆ ಎದೆ ಬಡ್ಕೊಂಡ್ಳಂತೆ. ಅಯ್ಯೋ, ತಾಯಿಗೆ ಅತ್ತಿಗೆ ಅಂತಾವಲ್ಲ, ಅದೂ ಹೋಗೇ ಬಾರೇ ಅಂತ! ಇನ್ಮೇಲೆ ಅಮ್ಮಾ ಬನ್ನಿ ಅನ್ಬೇಕು, ಇಲ್ದಿದ್ರೆ ನಾಲಿಗೆಗೆ ಬರೆ ಹಾಕ್ತೀನಿ ಅಂದ್ಳು. ಮರ್ಯಾದೆ ಕಲಿಸೋಕೆ ಬಂದ ಮಹಾತಾಯಿ ಇದನ್ನ ದೇವೀರಿಗೆ ಮಾತ್ರ ಹೇಳಲೇ ಇಲ್ಲ. ಮಕ್ಕಳು ಬರೆಗೆ ಹೆದರಿ ಮನೇಲಿ ಬಾಯೇ ಬಿಡಲಿಲ್ಲ.

ಮಾರನೇ ದಿನ ಉರಿಬಿಸಿಲಲ್ಲಿ ದೇವೀರಿ ಕೆಸರು ತುಂಬಿದ ಮಣ್ಣಿನ ಗುಂಡಿ ಆಚೆ, ದಿಬ್ಬದ ಮರೇಲಿ ಮಣ್ಣು ಅಗೀತಿದ್ಳು. ಮಕ್ಕಳು ಬುತ್ತಿ ತಗೊಂಡು ಹೋಗಿ, ಅಮ್ಮಾ, ಊಟಕ್ಕೆ ಬನ್ನಿ ಅಂತ ಈಚೆಯಿಂದ ಕೂಗಿದ್ವು. ಅವಳು, ಯಾರದೋ ಮಕ್ಕಳು ಅವರಮ್ಮನ್ನ ಕರೀತಾವೆ ಅನ್ಕೊಂಡು ಸುಮ್ಮನಾದ್ಳಂತೆ. ಕರೆದ ಹೆಸರಿಗೆ ಯಾರೂ ಓ ಅನ್ನದಿದ್ರೆ ಆ ಹೆಸರು ಖಾಲಿ ಬಿದ್ದಿರುತ್ತೆ ಕಣೇ. ಖಾಲಿ ಬಿದ್ದ ಜಾಗಕ್ಕೆ ಏನು ಬಂದು ಸೇರ್ಕೊಳ್ಳುತ್ತೋ ಯಾರಿಗೆ ಗೊತ್ತು. ಗುಂಡಿಯೊಳಗಿಂದ ಏನೋ ಒಂದು ಓ ಅಂತಂತೆ.

ಅಮ್ಮನೇ ಓ ಅಂದ್ಳು ಅನ್ಕೊಂಡು ಮಕ್ಕಳು ಬುತ್ತಿ ಅಲ್ಲೇ ಇಟ್ಟು ಓಡಿದ್ವು. ಎರಡನೇ ದಿನ ಕರೆದಾಗ ಕೆಸರಿನ ಕೈಯೊಂದು ಮೇಲೆ ಬಂದು ಬುತ್ತಿ ತಗೊಂಡು ಹೋಯ್ತಂತೆ. ಸೋದರತ್ತೆಗೆ ಹೇಳಿದ್ರೆ, ಕುಂಬಾರಗಿತ್ತಿ ಕೈಲಿ ಕೆಸರಿರದೆ ಗಂಧ ಇರುತ್ತಾ ಅಂತ ಗದರಿದ್ಳು. ಮೂರನೇ ದಿನ ಇಡೀ ಹೆಂಗಸೇ ಎದ್ದು ಬಂತಂತೆ. ದೇವೀರಿ ಮುಖ, ದೇವೀರಿ ಸೀರೆ. ಆದ್ರೆ ಅಂಥಾ ಬಿಸಿಲಲ್ಲೂ ಅವಳ ಮೈಮೇಲಿನ ಮಣ್ಣು ಒಣಗ್ತಾನೇ ಇರಲಿಲ್ಲ. ಬನ್ನಿ ಮಕ್ಕಳೇ, ಮನೆಗೆ ಹೋಗೋಣ ಅಂತ ಕರಿಯನ ಕೈ, ಬೋರನ ಕೈ ಹಿಡ್ಕೊಂಡು ಗುಂಡಿಗೆ ಇಳೀತು. ಅವರೂ ತೆಪ್ಪಗೆ ಇಳಿದ್ರು, ಅಮ್ಮನಿಗೆ ಎದುರು ಮಾತಾಡಬಾರದಲ್ಲ. ಮಂಡಿ ಮುಳುಗ್ತು, ಸೊಂಟ ಮುಳುಗ್ತು, ಕತ್ತಿನ ತನಕ ಬಂತು. ಮುದ್ದಿ ಹೆದರಿ ಅಮ್ಮಾ ಅಂತ ಕಿರುಚಿದ್ಳು. ಅದು ತಿರುಗಿ, ಓ, ನಿನ್ನನ್ನೂ ಕರ್ಕೊಂಡು ಹೋಗ್ತೀನಿ ತಾಳು ಅಂತು.

ಬರೆ ಬಿದ್ರೆ ಬೀಳಲಿ ಅಂತ ಮುದ್ದಿ, ಅತ್ತಿಗೇ, ಎಲ್ಲಿ ಹಾಳಾಗ್ಹೋದ್ಯೇ, ಬಾರೇ ಅಂತ ಕೂಗಿದ್ಳಂತೆ. ದೇವೀರಿ ಗುದ್ದಲಿ ಬಿಸಾಕಿ ಓಡಿ ಬಂದ್ಳು. ಗುಂಡಿಯೊಳಗೆ ತನ್ನ ಮುಖವೇ ತನ್ನನ್ನ ನೋಡ್ತಿದೆ. ಬಿಡು, ನನ್ನ ಮಕ್ಕಳು ಅಂದ್ಳು. ಅದು, ಮೂರು ದಿನ ಅಮ್ಮಾ ಅಂತ ಕರೆದ್ರು, ನೀನು ಓ ಅನ್ನಲಿಲ್ಲ, ನಾನು ಅಂದೆ, ಮಕ್ಕಳು ಯಾರಿಗೆ ಸೇರಬೇಕು ಹೇಳು ಅಂತು. ಅದರ ಮಾತು ಸುಳ್ಳಲ್ಲ ಅಂತ ದೇವೀರಿಗೂ ಗೊತ್ತಾಯ್ತು. ಆಮೇಲೆ, ಕರಿಯಾ, ಇನ್ನೊಂದು ಸಲ ಕರಿಯೋ ಅಂದ್ಳಂತೆ. ಕರಿಯ ಅಮ್ಮಾ ಅಂದ, ಅವನ ಬಾಯಿ ಮುಚ್ಚೋ ಮುಂಚೆ ದೇವೀರಿ ಓ ಅಂದ್ಳು. ಬೋರ ಕರೆದ, ಓ ಅಂದ್ಳು. ಮುದ್ದಿ ಕರೆದ್ಳು, ಊರಿಗೆಲ್ಲ ಕೇಳೋ ಹಾಗೆ ಓ ಅಂದ್ಳು. ಆ ಮುಖ ಕರಗಿ ಕರಗಿ ಬರೀ ಮಣ್ಣಾಯ್ತಂತೆ. ಇಬ್ಬರನ್ನೂ ಜುಟ್ಟು ಹಿಡಿದು ಎಳ್ಕೊಂಡ್ಳು.

ಆಮೇಲೆ ಮಕ್ಕಳು ಅತ್ತಿಗೆ ಅಂದ್ರೂ ಸರಿ, ಅಮ್ಮ ಅಂದ್ರೂ ಸರಿ, ಉಣ್ಕೊಂಡು ತಿನ್ಕೊಂಡು ಚೆನ್ನಾಗಿದ್ರಂತೆ. ಆದ್ರೆ ದೇವೀರಿಗೆ ಆ ಭಯ ಹೋಗಲೇ ಇಲ್ಲ. ಯಾರ ಮಗು ಎಲ್ಲಿ ಅಮ್ಮಾ ಅಂದ್ರೂ ಓ ಅಂದುಬಿಡೋಳಂತೆ. ಅವಳನ್ನ ನೋಡಿ ಬೇರೆ ಹೆಂಗಸರೂ ಕಲ್ತರು. ಅದಕ್ಕೇ ನೋಡು, ಬೀದೀಲಿ ಒಂದು ಮಗು ಅಮ್ಮಾ ಅಂದ್ರೆ, ತಮ್ಮದಲ್ಲದಿದ್ರೂ ಹೆಂಗಸರೆಲ್ಲ ತಿರುಗಿ ನೋಡೋದು. ಇನ್ಯಾರೋ ಓ ಅನ್ನೋ ಮುಂಚೆ ನಾವು ಅನ್ಬೇಕಲ್ಲ.

ಕತೆ ಮುಗಿದು ಮಲ್ಕೊಂತು, ನೀನೂ ಮಲ್ಕೋ.